ಕಡ್ಡಿಗೆ ಚುಚ್ಚಿದ ಚಾಕೊಲೇಟ್ ಬ್ರೌನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಗೋರೆಗಾಂವ್, ಡೊಂಬಿವಲಿ ಕಡೆಯ ಕನ್ನಡ ಕಾರ್ಯಕ್ರಮಗಳಲ್ಲಿ ತಿಂಡಿ ಮೇಜಿನ ಹಿಂದೆ ನಿಂತಾಗ, ಆಮೇಲೆ ಫೋನಿನಲ್ಲಿ, ವಾಟ್ಸಾಪಿನಲ್ಲಿ ತಿರುತಿರುಗಿ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬ್ರೌನಿ ಯಾರ ಅಳತೆ ಹಿಡಿದರೂ ಒಂದು ಮಟ್ಟಕ್ಕೆ ಆಗಿಯೇ ಆಗುತ್ತದೆ. ಮುಂಬೈಯಲ್ಲಿ ಕೆಲಸ ಕೆಡಿಸುವುದು ಇಲ್ಲಿನ ಹವೆ. ಹಾಗಾಗಿ ಮುಂದಿನ ಉತ್ತರಗಳಲ್ಲಿ ಹಿಟ್ಟು-ಸಕ್ಕರೆಗಿಂತ ಸೆಕೆ, ತೇವದ ಮಾತೇ ಜಾಸ್ತಿ.

## ಮೊದಲ ಸಲ ಮಾಡುವವರಿಗೆ

ಇದು ಕೇಕ್ ಪಾಪೇ ಅಲ್ವಾ ಅಕ್ಕ? ಬೇರೆ ಹೆಸರು ಯಾಕೆ?

ಅಲ್ಲ. ಕೇಕ್ ಪಾಪಿಗೆ ಕೇಕನ್ನು ಪುಡಿ ಮಾಡಿ, ಕ್ರೀಮೋ ಗನಾಶೋ (ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್) ಕಲಸಿ, ಉಂಡೆ ಕಟ್ಟಬೇಕು. ಇಲ್ಲಿ ಬ್ರೌನಿಯನ್ನು ಬೇಯಿಸಿ, ತಣಿಸಿ, ಉದ್ದುದ್ದ ಕತ್ತರಿಸಿ, ಕಡ್ಡಿ ಚುಚ್ಚಿ ಚಾಕೊಲೇಟಿನಲ್ಲಿ ಅದ್ದುವುದು, ಅಷ್ಟೇ. ಕೈ ತಾಗುವುದು ಕಡಿಮೆ, ಕ್ರೀಮಿನ ತೇವ ಸೇರುವುದಿಲ್ಲ, ಆದ್ದರಿಂದ ಬೇಗ ಹಳಸುವುದಿಲ್ಲ. ಮಾರಾಟಕ್ಕೆ ಮಾಡುವವರಿಗೆ ಇದೇ ವಾಸಿ. ಅಂಚು ಕತ್ತರಿಸಿದಾಗ ಉಳಿಯುವ ಪುಡಿಯಿಂದ ಬೇಕಾದರೆ ನಾಲ್ಕು ಉಂಡೆ ಕಟ್ಟಿಕೊಳ್ಳಿ.

ಯಾವ ಬ್ರೌನಿ ಮಾಡಿದರೆ ಕಡ್ಡಿ ನಿಲ್ಲುತ್ತೆ? ನಂದು ಒಡೆದು ಕೆಳಗೆ ಬೀಳುತ್ತೆ.

ಕೇಕಿನಂತೆ ಉಬ್ಬಿದ ಬ್ರೌನಿಗೆ ಕಡ್ಡಿ ನಿಲ್ಲುವುದಿಲ್ಲ. ಒಳಗೆ ಒತ್ತೊತ್ತಾಗಿ, ಸ್ವಲ್ಪ ಅಂಟಂಟಾಗಿ ಇರಬೇಕು. ಅಂದರೆ ಮೈದಾ ಕಡಿಮೆ, ಬೇಕಿಂಗ್ ಪೌಡರ್ ಇಲ್ಲವೇ ಇಲ್ಲ. ಎಂಟು ಇಂಚಿನ ಚೌಕ ಟಿನ್ನಿಗೆ ನಾನು ಹಾಕುವುದು: ಡಾರ್ಕ್ ಚಾಕೊಲೇಟ್ 150 ಗ್ರಾಂ, ಬೆಣ್ಣೆ 120 ಗ್ರಾಂ, ಸಕ್ಕರೆ 200 ಗ್ರಾಂ, ಮೊಟ್ಟೆ 3, ಮೈದಾ 90 ಗ್ರಾಂ, ಕೋಕೋ ಪುಡಿ 25 ಗ್ರಾಂ, ಚಿಟಿಕೆ ಉಪ್ಪು. ಚಾಕೊಲೇಟ್ ಮತ್ತು ಬೆಣ್ಣೆ ಒಟ್ಟಿಗೆ ಕರಗಿಸಿ, ಸಕ್ಕರೆ ಬೆರೆಸಿ, ಬಿಸಿ ಇಳಿದ ಮೇಲೆ ಮೊಟ್ಟೆ ಒಂದೊಂದಾಗಿ ಹಾಕಿ ಕಲಸಿ. ಕೊನೆಗೆ ಮೈದಾ, ಕೋಕೋ ಜರಡಿ ಹಿಡಿದು ಸೇರಿಸಿ. ಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಿ. 170 ಡಿಗ್ರಿಯಲ್ಲಿ 25ರಿಂದ 28 ನಿಮಿಷ. ಚುಚ್ಚಿ ನೋಡಿದ ಕಡ್ಡಿಗೆ ಒದ್ದೆ ಪುಡಿ ಅಂಟಿರಬೇಕು, ಹಸಿ ಹಿಟ್ಟು ಅಂಟಿರಬಾರದು.

ವಾಲ್‌ನಟ್ ಹಾಕಲೇಬೇಕೆಂದರೆ ಅಕ್ಕಿ ಕಾಳಿನಷ್ಟು ಸಣ್ಣಗೆ ಹೆಚ್ಚಿ. ದೊಡ್ಡ ತುಂಡಿಗೆ ಕಡ್ಡಿ ತಾಗಿದರೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಬೇಯಿಸಿದ ದಿನವೇ ಕತ್ತರಿಸಬೇಡಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಮರುದಿನ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಅಂಚು ತೆಗೆದು ಮೂರು ಸಾಲು, ಎಂಟು ಪಟ್ಟಿ ಮಾಡಿದರೆ 24 ತುಂಡು ಸಿಗುತ್ತವೆ, ಒಂದೊಂದು ಬೆರಳುದ್ದ.

ಮೊಟ್ಟೆ ಹಾಕ್ದೆ ಆತ್ತಾ?

ಆಗುತ್ತದೆ. ಮುಂಬೈಯಲ್ಲಿ ಮಾರುವುದಾದರೆ ಮೊಟ್ಟೆ ಇಲ್ಲದ್ದೇ ಹೆಚ್ಚು ಹೋಗುತ್ತದೆ. ಗುಜರಾತಿ, ಜೈನ ಮನೆಯವರ ಮೊದಲ ಪ್ರಶ್ನೆಯೇ ಅದು. ಡಾರ್ಕ್ ಚಾಕೊಲೇಟ್ 100 ಗ್ರಾಂ, ಬೆಣ್ಣೆ 100 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ, ಸಕ್ಕರೆ 50 ಗ್ರಾಂ, ಹಾಲು ಸುಮಾರು 80 ಎಂಎಲ್, ಮೈದಾ 110 ಗ್ರಾಂ, ಕೋಕೋ 20 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. ಮೊಟ್ಟೆ ಕೊಡುವ ಉಬ್ಬು ಇಲ್ಲದ್ದರಿಂದ ಇಲ್ಲಿ ಇಷ್ಟು ಬೇಕಿಂಗ್ ಪೌಡರ್ ಬೇಕು. ಟಿನ್ನು ಏಳು ಇಂಚಿನದಾದರೆ ದಪ್ಪ ಸರಿ ಬರುತ್ತದೆ, ತುಂಡು ಮಾತ್ರ 18-20 ಸಿಗಬಹುದು.

ಮೊಟ್ಟೆ ಹಾಕಲಿಲ್ಲ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಮೇಲೆ ಉದುರಿಸುವ ಬಣ್ಣದ ಕಾಳುಗಳ ಪೊಟ್ಟಣ ಓದಿ. ಇ120 ಎಂದರೆ ಹುಳುವಿನಿಂದ ತೆಗೆದ ಕೆಂಪು ಬಣ್ಣ. ಇ904 ಎಂದರೆ ಅರಗಿನ ಹೊಳಪು, ಅದೂ ಕೀಟದಿಂದ ಬಂದದ್ದು. ಮಾರ್ಷ್‌ಮ್ಯಾಲೋ ಹಾಕಿದರೆ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇದೆಯೇ ನೋಡಿ. ಕೇಳಿದವರಿಗೆ ತಪ್ಪು ಉತ್ತರ ಕೊಡುವುದಕ್ಕಿಂತ ಕಾಳನ್ನೇ ಬಿಟ್ಟು ಗೋಡಂಬಿ ಪುಡಿ ಉದುರಿಸುವುದು ಮೇಲು.

ಓವನ್ ಇಲ್ರೀ ನಮ್ಮನ್ಯಾಗ. ಕುಕ್ಕರ್‌ನ್ಯಾಗ ಆಗ್ತದೇನ್ರಿ?

ಆಗ್ತದ. ದಪ್ಪ ತಳದ ಕುಕ್ಕರ್, ಗ್ಯಾಸ್ಕೆಟ್ ಮತ್ತು ಸೀಟಿ ಎರಡೂ ತೆಗೆದು, ಒಳಗೆ ಒಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ನೀರು ಹಾಕಬಾರದು. ಒಳಗೆ ಹಿಡಿಸುವ ದುಂಡು ಟಿನ್ನು ಇಟ್ಟು ಸಣ್ಣ ಉರಿಯಲ್ಲಿ 40-45 ನಿಮಿಷ. ಮೇಲ್ಭಾಗ ಬಿಳಚಿಕೊಂಡೇ ಇರುತ್ತದೆ. ಚಾಕೊಲೇಟಿನಲ್ಲಿ ಅದ್ದುವುದರಿಂದ ಅದು ಯಾರಿಗೂ ಕಾಣದು. ದುಂಡು ಟಿನ್ನಿನಲ್ಲಿ ಬದಿಯ ತುಂಡುಗಳು ಪೋಲಾಗುತ್ತವೆ, ಅದೊಂದು ನಷ್ಟ. ಬೇಕರಿಯಿಂದ ಸಾದಾ ಬ್ರೌನಿ ತಂದು ಕತ್ತರಿಸಿ ಅದ್ದಿದರೂ ತಪ್ಪಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಹತ್ತೋ ಹನ್ನೆರಡೋ ಬೇಕಾದರೆ ನಾನು ಅದನ್ನೇ ಹೇಳುತ್ತೇನೆ.

ಕಡ್ಡಿ ಯಾವುದು ತರಬೇಕು? ಎಲ್ಲಿ ಸಿಗುತ್ತೆ?

ಪ್ಲಾಸ್ಟಿಕ್ಕಿನದು ಬೇಡ. ಮಿಠಾಯಿ ಕಡ್ಡಿ, ಐಸ್‌ಕ್ರೀಮ್ ಕಡ್ಡಿ ಸೇರಿ ಹಲವು ಒಮ್ಮೆ ಬಳಸುವ ಪ್ಲಾಸ್ಟಿಕ್ ಸಾಮಾನುಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಹಳೆ ಸ್ಟಾಕು ಅಂತ ಅಂಗಡಿಯವರು ಕೊಟ್ಟರೂ ತರಬೇಡಿ. ಉಳಿದದ್ದು ಕಾಗದದ ದುಂಡು ಕಡ್ಡಿ, ಮರದ ಚಪ್ಪಟೆ ಐಸ್‌ಕ್ರೀಮ್ ಕಡ್ಡಿ. ಬೆರಳುದ್ದದ ತುಂಡಿಗೆ ಚಪ್ಪಟೆಯದೇ ಸರಿ: ಕೈಯಲ್ಲಿ ಹಿಡಿದಾಗ ಬ್ರೌನಿ ಗಿರಗಿರ ತಿರುಗುವುದಿಲ್ಲ. ಬಿದಿರಿನ ಚೂಪು ಕಡ್ಡಿ ಮಕ್ಕಳ ಪಾರ್ಟಿಗೆ ಸಲ್ಲದು. ತೀರಾ ಪುಟ್ಟ ಮಕ್ಕಳಿಗೆ ಕಡ್ಡಿ ತೆಗೆದೇ ಕೊಡಿ.

ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಲಿನ ಗಲ್ಲಿಗಳಲ್ಲಿ ಕಡ್ಡಿ, ಕವರು, ರಿಬ್ಬನ್ನು, ಅಚ್ಚು ಎಲ್ಲ ಸಗಟು ದರಕ್ಕೆ ಸಿಗುತ್ತವೆ. ಐವತ್ತು ಕಡ್ಡಿಗೋಸ್ಕರ ಅಲ್ಲಿಯವರೆಗೆ ಹೋಗಬೇಡಿ. ನಿಮ್ಮ ಸ್ಟೇಷನ್ ಹತ್ತಿರದ ಬೇಕಿಂಗ್ ಸಾಮಾನಿನ ಅಂಗಡಿ ಸಾಕು.

## ಚಾಕೊಲೇಟಿನ ಸಂಗತಿ

ಕಾಂಪೌಂಡ್ ಅಂದ್ರೆ ನಕಲಿ ಅಂತಾರಲ್ಲ, ಅಸಲಿ ಚಾಕೊಲೇಟೇ ಹಾಕ್ಬೇಕಾ?

ನಕಲಿ ಅನ್ನುವುದು ಅತಿಯಾಯಿತು. ಅಸಲಿ ಚಾಕೊಲೇಟಿನಲ್ಲಿರುವ ಕೊಬ್ಬು ಕೋಕೋ ಬೆಣ್ಣೆ. ಕಾಂಪೌಂಡಿನಲ್ಲಿ ಅದರ ಬದಲು ತಾಳೆ ಬೀಜದಂಥ ಎಣ್ಣೆಯಿಂದ ಮಾಡಿದ ಗಟ್ಟಿ ವನಸ್ಪತಿ ಕೊಬ್ಬು ಇರುತ್ತದೆ. ರುಚಿಯಲ್ಲಿ ವ್ಯತ್ಯಾಸ ಇದೆ, ಇಲ್ಲ ಎನ್ನುವುದಿಲ್ಲ. ಅಸಲಿಯದು ನಾಲಗೆ ಮೇಲೆ ಪೂರ್ತಿ ಕರಗುತ್ತದೆ, ಕಾಂಪೌಂಡ್ ಅಂಗುಳಕ್ಕೆ ಸ್ವಲ್ಪ ಮೆತ್ತಿಕೊಳ್ಳುತ್ತದೆ.

ಆದರೆ ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕೂ ಮೊದಲೇ. ಮೇ ತಿಂಗಳ ಮಧ್ಯಾಹ್ನ, ಫ್ಯಾನು ಮಾತ್ರ ಇರುವ ಸಭಾಗೃಹದಲ್ಲಿ, ಜನರ ನಡುವೆ ಒಂದು ಮೇಜು. ಅಲ್ಲಿ ಅಸಲಿ ಚಾಕೊಲೇಟಿನ ಲೇಪ ಹಿಡಿದವರ ಬೆರಳಿಗೇ ಬರುತ್ತದೆ. ನನ್ನ ಲೆಕ್ಕ ಹೀಗೆ: ಮಾರ್ಚಿನಿಂದ ಅಕ್ಟೋಬರ್ ತನಕ ಸ್ಟಾಲಿಗೆ ಕಾಂಪೌಂಡ್, ನಾಚಿಕೆ ಬೇಡ. ಡಿಸೆಂಬರ್-ಜನವರಿಯಲ್ಲಿ, ಅಥವಾ ಏಸಿ ಇರುವ ಮನೆಯ ಪಾರ್ಟಿಗೆ, ಅಸಲಿ. ಹೇಗಿದ್ದರೂ ಒಳಗಿನ ಬ್ರೌನಿಗೆ ಅಸಲಿಯನ್ನೇ ಹಾಕಿ; ರುಚಿಯ ತೂಕ ಇರುವುದು ಅಲ್ಲೇ.

ಪೊಟ್ಟಣದ ಹಿಂದೆ ಓದಿದರೆ ಗೊತ್ತಾಗುತ್ತದೆ: ಕೋಕೋ ಬಟರ್ ಎಂದಿದ್ದು ಬೇರೆ ಕೊಬ್ಬಿನ ಹೆಸರಿಲ್ಲದಿದ್ದರೆ ಅಸಲಿ, ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಎಂದಿದ್ದರೆ ಕಾಂಪೌಂಡ್. ಕೆಲವರು ರುಚಿಗೆಂದು ಎರಡನ್ನೂ ಅರ್ಧರ್ಧ ಬೆರೆಸುತ್ತಾರೆ. ಹಾಗೆ ಮಾಡಬೇಡಿ. ಆ ಎರಡು ಕೊಬ್ಬು ಒಂದಕ್ಕೊಂದು ಹೊಂದುವುದಿಲ್ಲ. ಲೇಪ ಮೆತ್ತಗೇ ಉಳಿದು ಎರಡು-ಮೂರು ದಿನದಲ್ಲಿ ಬೂದು ಹಿಡಿಯುತ್ತದೆ.

ಊರಿಗೆ ಹೋಗಿ ಬರುವ ದಕ್ಷಿಣ ಕನ್ನಡದವರು ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟ್ ತರುವುದುಂಟು. ಕ್ಯಾಂಪ್ಕೊ ಎಂಬ ಈ ಅಡಿಕೆ ಬೆಳೆಗಾರರ ಸಹಕಾರಿ 1973ರಲ್ಲಿ ಹುಟ್ಟಿತು, ಪುತ್ತೂರಿನ ಕೆಮ್ಮಿಂಜೆಯಲ್ಲಿರುವ ಅದರ ಚಾಕೊಲೇಟ್ ಕಾರ್ಖಾನೆ 1986ರಲ್ಲಿ ಶುರುವಾಯಿತು. ತಂದರೆ ಬ್ರೌನಿಯೊಳಗೆ ಹಾಕಿ. ತಿನ್ನುವ ಬಾರು ಅದ್ದಲು ಬೇಕಾದಷ್ಟು ತೆಳುವಾಗುವುದಿಲ್ಲ, ಯಾವ ಕಂಪನಿಯದಾದರೂ.

ಕರಗಿಸ್ತಾ ಇದ್ದ ಹಾಗೆ ಗಟ್ಟಿ ಮುದ್ದೆ ಆಯ್ತು, ಎಂತ ಮಾಡುವುದು ಮಾರಾಯ್ರೆ?

ನೀರು ಸೇರಿದೆ. ಒದ್ದೆ ಚಮಚದಲ್ಲಿರುವ ಒಂದು ಹನಿ ಸಾಕು: ಚಾಕೊಲೇಟಿನ ಸಕ್ಕರೆಯ ಕಣಗಳು ಆ ನೀರು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುದ್ದೆ ಆದದ್ದು ಅದ್ದಲು ಮತ್ತೆ ಬಾರದು. ಬಿಸಿ ಹಾಲು ಸೇರಿಸಿ ಸಾಸ್ ಮಾಡಿ ಐಸ್‌ಕ್ರೀಮಿಗೆ ಸುರಿಯಿರಿ.

ಮುಂದಿನ ಸಲಕ್ಕೆ: ಬಿಸಿನೀರಿನ ಪಾತ್ರೆಯ ಮೇಲೆ ಬೋಗುಣಿ ಇಡುವಾಗ ಬೋಗುಣಿಯೇ ದೊಡ್ಡದಿರಲಿ, ಹಬೆ ಬದಿಯಿಂದ ಒಳಗೆ ಬರಬಾರದು. ತಳ ನೀರಿಗೆ ತಾಗಬಾರದು. ನೀರು ಕುದಿ ಬಂದ ಮೇಲೆ ಗ್ಯಾಸು ಆರಿಸಿ. ಮಳೆಗಾಲದಲ್ಲಿ ನನಗೆ ಮೈಕ್ರೋವೇವೇ ಇಷ್ಟ, ಹಬೆಯ ರಗಳೆ ಇಲ್ಲ: ಅರ್ಧ ಪವರಿನಲ್ಲಿ 30 ಸೆಕೆಂಡ್, ತೆಗೆದು ಕಲಕಿ, ಮತ್ತೆ 30. ಸ್ವಲ್ಪ ತುಂಡು ಉಳಿದಿರುವಾಗಲೇ ನಿಲ್ಲಿಸಿ, ಉಳಿದ ಬಿಸಿಗೇ ಕರಗುತ್ತದೆ. ಹೆಚ್ಚು ಬಿಸಿಯಾದರೂ ಮುದ್ದೆಯಾಗುತ್ತದೆ, ಅದರಲ್ಲೂ ಬಿಳಿಯದು.

ತುಂಬಾ ದಪ್ಪ ಇದೆ, ಬೆಣ್ಣೆ ಹಾಕಿ ತೆಳು ಮಾಡ್ಲಾ?

ಬೇಡ. ಬೆಣ್ಣೆಯಲ್ಲೂ ನೀರಿದೆ. ವಾಸನೆ ಇಲ್ಲದ ರಿಫೈನ್ಡ್ ಎಣ್ಣೆ, 200 ಗ್ರಾಂ ಕಾಂಪೌಂಡಿಗೆ ಒಂದು ಟೀ ಚಮಚ. ನಮ್ಮ ಕರಾವಳಿ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಅದರ ಪರಿಮಳ ಗಸಿಗೆ ಸರಿ, ಇದಕ್ಕೆ ಹಾಕಿದರೆ ಎಲ್ಲವೂ ಅದೇ ಪರಿಮಳ. ಅಸಲಿ ಚಾಕೊಲೇಟಿಗೆ ಎಣ್ಣೆ ಬದಲು ಕೋಕೋ ಬೆಣ್ಣೆ ಸೇರಿಸಿ.

ಟೆಂಪರಿಂಗ್ ಮನೆಯಲ್ಲಿ ಆಗೋ ಮಾತಾ? ಥರ್ಮಾಮೀಟರ್ ಬೇಕೇ ಬೇಕಾ?

ಕಾಂಪೌಂಡಿಗೆ ಬೇಡ. 40-45 ಡಿಗ್ರಿಗೆ ಕರಗಿಸಿ ಅದ್ದಿದರೆ ಆಯಿತು. ಅಸಲಿ ಚಾಕೊಲೇಟಿಗೆ ಬೇಕೇ ಬೇಕು, ಥರ್ಮಾಮೀಟರೂ ಬೇಕು. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಕಟ್ಟಿಕೊಳ್ಳಬಲ್ಲದು. ಹೊಳಪು ಮತ್ತು ಟಪ್ಪೆಂದು ಮುರಿಯುವ ಗುಣ ಅವುಗಳಲ್ಲಿ ಐದನೆಯದರಲ್ಲಿ ಇದೆ. ಅದನ್ನೇ ಬೆಳೆಸುವ ಕಸರತ್ತು ಇದು.

ಡಾರ್ಕ್ ಚಾಕೊಲೇಟ್ ಮುಕ್ಕಾಲು ಪಾಲು 45-50 ಡಿಗ್ರಿಗೆ ಕರಗಿಸಿ. ಉಳಿದ ಕಾಲು ಪಾಲನ್ನು ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪವೇ ಹಾಕುತ್ತ, ಕಲಕುತ್ತ 28ಕ್ಕೆ ಇಳಿಸಿ. ಮತ್ತೆ ತುಸು ಬೆಚ್ಚಗೆ ಮಾಡಿ 31-32ಕ್ಕೆ ತಂದು ಅದ್ದಿ. ಹಾಲಿನ ಚಾಕೊಲೇಟಾದರೆ ಅದ್ದುವ ಶಾಖ 29-30, ಬಿಳಿಯದಕ್ಕೆ 28-29. ಚಾಕುವಿನ ತುದಿ ಅದ್ದಿ ಇಡಿ. ಐದು ನಿಮಿಷದೊಳಗೆ ಗೆರೆಯಿಲ್ಲದೆ ಗಟ್ಟಿಯಾದರೆ ಸರಿ ಬಂತು.

ಇಲ್ಲಿನ ತೊಂದರೆ ಏನೆಂದರೆ ಮೇ ತಿಂಗಳಲ್ಲಿ ಅಡುಗೆಮನೆಯೇ 32 ಡಿಗ್ರಿ ಇರುತ್ತದೆ. ಚಾಕೊಲೇಟ್ 28ಕ್ಕೆ ಇಳಿಯುವುದಾದರೂ ಹೇಗೆ? ಮಲಗುವ ಕೋಣೆಯ ಏಸಿಯನ್ನು 22ಕ್ಕೆ ಹಾಕಿ, ಅಲ್ಲೇ ಕೂತು ಮಾಡಿ. ನಾವು ಎಲ್ಲರೂ ಹಾಗೇ ಮಾಡುವುದು, ಮನೆಯವರು ಗೊಣಗಲಿ.

## ಅದ್ದುವಾಗ

ಅದ್ದಿ ಮೇಲೆತ್ತಿದ್ರೆ ಕಡ್ಡಿ ಕೈಲಿ, ಬ್ರೌನಿ ಗ್ಲಾಸಲ್ಲಿ! ಯಾಕೆ?

ಕಡ್ಡಿಗೆ ಅಂಟು ಹಾಕಿಲ್ಲ. ಮೊದಲು ಕಡ್ಡಿಯ ತುದಿಯನ್ನು ಕರಗಿದ ಚಾಕೊಲೇಟಿನಲ್ಲಿ ಅದ್ದಿ, ತಣ್ಣಗಿನ ತುಂಡಿನೊಳಗೆ ಮೂರರಲ್ಲಿ ಎರಡು ಪಾಲಿನಷ್ಟು ಇಳಿಸಿ, 15-20 ನಿಮಿಷ ಫ್ರಿಜ್ಜಿನಲ್ಲಿಡಿ. ಆಮೇಲೆ ಅದ್ದಿ. ಗ್ಲಾಸಿನೊಳಗೆ ತಿರುವಬೇಡಿ, ನೆಟ್ಟಗೆ ಇಳಿಸಿ, ನೆಟ್ಟಗೆ ಎತ್ತಿ. ಅಗಲ ಬೋಗುಣಿಗಿಂತ ಉದ್ದನೆಯ ಲಸ್ಸಿ ಗ್ಲಾಸು ಒಳ್ಳೆಯದು, ಕಡಿಮೆ ಚಾಕೊಲೇಟಿನಲ್ಲಿ ತುಂಡು ಪೂರ್ತಿ ಮುಳುಗುತ್ತದೆ. ಎತ್ತಿದ ಮೇಲೆ ಗ್ಲಾಸಿನ ಅಂಚಿಗೆ ಕಡ್ಡಿಯನ್ನು ಮೆಲ್ಲಗೆ ತಟ್ಟಿ ಹೆಚ್ಚಿನದನ್ನು ಇಳಿಸಿ, ಬಟರ್ ಪೇಪರಿನ ಮೇಲೆ ಮಲಗಿಸಿ. ಎರಡು ಬದಿಯೂ ನಯವಾಗಿರಬೇಕೆಂದರೆ ತೂತಿನ ಜರಡಿಯನ್ನು ಬೋರಲು ಹಾಕಿ ಕಡ್ಡಿಗಳನ್ನು ಅದರಲ್ಲಿ ನಿಲ್ಲಿಸಿ.

ಚಂದ ಬಂದಿತ್ತು, ಅರ್ಧ ಗಂಟೆ ಬಿಟ್ಟು ನೋಡಿದ್ರೆ ಮೇಲೆಲ್ಲ ಬಿರುಕು.

ಬ್ರೌನಿ ತೀರಾ ತಣ್ಣಗಿತ್ತು. ಲೇಪ ಗಟ್ಟಿಯಾದ ಮೇಲೆ ಒಳಗಿನದು ಬೆಚ್ಚಗಾಗಿ ಹಿಗ್ಗುತ್ತದೆ, ಹೊರಗಿನದು ಸೀಳುತ್ತದೆ. ಫ್ರೀಜರಿನಿಂದ ನೇರ ಅದ್ದಲೇಬೇಡಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಡಬ್ಬಿಯಲ್ಲೇ ಬಿಟ್ಟು ಅದ್ದಿ. ಕಾಳು, ಬೀಜ ಉದುರಿಸುವುದಿದ್ದರೆ ಅದ್ದಿದ ಕೂಡಲೇ. ಒಂದೊಂದೇ ಅದ್ದಿ ಒಂದೊಂದಕ್ಕೇ ಉದುರಿಸಿ.

ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಮಾಡಿಕೊಡ್ತೀರಾ? ನಾನು ಮಾಡಿದ್ರೆ ಬಣ್ಣ ಗಂಟು ಗಂಟಾಗುತ್ತೆ.

ಜೆಲ್ ಬಣ್ಣದಲ್ಲಿ ನೀರಿರುತ್ತದೆ, ಅದಕ್ಕೇ ಗಂಟು. ಚಾಕೊಲೇಟಿಗೆಂದೇ ಎಣ್ಣೆಯ ಬಣ್ಣ ಬರುತ್ತದೆ, ಅದನ್ನು ತನ್ನಿ. ಬಿಳಿ ಕಾಂಪೌಂಡಿಗೆ ಹಳದಿ ಸುಲಭವಾಗಿ ಹಿಡಿಯುತ್ತದೆ. ಕೆಂಪು ಎಷ್ಟು ಸುರಿದರೂ ಗುಲಾಬಿಯ ಹತ್ತಿರವೇ ನಿಲ್ಲುತ್ತದೆ, ಹೆಚ್ಚು ಸುರಿದರೆ ಕಹಿ. ಆದ್ದರಿಂದ ಪೂರ್ತಿ ಹಳದಿಯಲ್ಲಿ ಅದ್ದಿ, ಅಂಗಡಿಯಲ್ಲಿ ಸಿಗುವ ಸಿದ್ಧ ಕೆಂಪು ಕಾಂಪೌಂಡನ್ನು ಕೋನಿನಲ್ಲಿ ತುಂಬಿ ಗೆರೆ ಎಳೆಯಿರಿ. ಹಳದಿಯಡಿ ಕಪ್ಪು ಬ್ರೌನಿ ಕಾಣುತ್ತದೆಂದರೆ ಎರಡು ಸಲ ಅದ್ದಬೇಕು. ನವೆಂಬರ್ ಒಂದರ ಹೊತ್ತಿಗೆ ಮುಂಬೈ ಸೆಕೆ ಮುಗಿದಿರುವುದಿಲ್ಲ, ನೆನಪಿರಲಿ.

ಫ್ರಿಜ್ಜಿಂದ ತೆಗೆದ ಕೂಡ್ಲೆ ಬೆವರುತ್ತೆ, ಆಮೇಲೆ ಬಿಳಿ ಬಿಳಿ ಕಲೆ. ಬೂಸ್ಟಾ ಅದು?

ಬೂಸ್ಟಲ್ಲ. ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ, ಅದರಲ್ಲೂ ಜೂನ್ ಬಂತೆಂದರೆ. ಜುಲೈಯಲ್ಲಿ ಇಲ್ಲಿನ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆಂದರೆ, ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಫ್ರಿಜ್ಜಿನದು ಐದು ಡಿಗ್ರಿ. ಏಸಿ ಕೋಣೆಯಿಂದ ಹೊರಗೆ ತಂದ ತುಂಡು ಕೂಡ ಸ್ವಲ್ಪ ಮಂಜಾಗುತ್ತದೆ. ಆ ನೀರು ಲೇಪದ ಸಕ್ಕರೆಯನ್ನು ಕರಗಿಸುತ್ತದೆ. ನೀರು ಆರಿದಾಗ ಸಕ್ಕರೆ ಮೇಲೆ ಒರಟಾಗಿ ಉಳಿಯುತ್ತದೆ. ಅದೇ ಬಿಳಿ ಕಲೆ.

ಇನ್ನೊಂದು ಬಗೆಯ ಬಿಳುಪು ಕೊಬ್ಬಿನದು, ಟೆಂಪರಿಂಗ್ ತಪ್ಪಿದಾಗ ಅಥವಾ ಸೆಕೆಗೆ ಕರಗಿ ಮತ್ತೆ ಗಟ್ಟಿಯಾದಾಗ ಬರುವುದು. ಬೆರಳಿಂದ ಉಜ್ಜಿ ನೋಡಿ: ಒರಟಾಗಿ ಉಳಿದರೆ ಸಕ್ಕರೆ, ಜಾರಿ ಮಾಯವಾದರೆ ಕೊಬ್ಬು. ಎರಡೂ ತಿನ್ನಲು ಅಡ್ಡಿಯಿಲ್ಲ, ಮಾರಲು ಚಂದವಿಲ್ಲ.

ಉಪಾಯ ಒಂದೇ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ತೆಗೆದ ಮೇಲೆ ಒಂದು ಗಂಟೆ ಮುಚ್ಚಳ ತೆರೆಯಬೇಡಿ. ನೀರು ಡಬ್ಬಿಯ ಹೊರಗೆ ಕೂರಲಿ. ಮಕ್ಕಳು ಎಷ್ಟು ಗಲಾಟೆ ಮಾಡಿದರೂ ಆ ಗಂಟೆ ಬಿಟ್ಟುಕೊಡಬೇಡಿ. ಸೆಲೋಫೇನ್ ಕವರಿಗೆ ಹಾಕಿ ರಿಬ್ಬನ್ ಕಟ್ಟುವುದು ಅದಾದ ನಂತರ. ಒದ್ದೆಯಿರುವಾಗ ಕಟ್ಟಿದರೆ ಒಳಗೇ ಬೆವರಿ ನಿಜವಾದ ಬೂಸ್ಟೇ ಬರುತ್ತದೆ.

## ಸ್ಟಾಲು, ಆರ್ಡರು

ಎಷ್ಟು ದಿನ ಇಡಬಹುದು?

ಲೇಪ ಎಲ್ಲೂ ಬಿಟ್ಟಿಲ್ಲದಿದ್ದರೆ ಚಳಿಗಾಲದಲ್ಲಿ ಹೊರಗೆ ಮೂರು-ನಾಲ್ಕು ದಿನ, ಸೆಕೆ-ಮಳೆಯಲ್ಲಿ ಎರಡು ದಿನ, ಫ್ರಿಜ್ಜಿನಲ್ಲಿ ಒಂದು ವಾರ. ಅದ್ದದ ಬ್ರೌನಿ ಫ್ರೀಜರಿನಲ್ಲಿ ಒಂದು ತಿಂಗಳು.

ಡೊಂಬಿವಲಿಯಿಂದ ಮಾಟುಂಗಾಕ್ಕೆ ಲೋಕಲ್ಲಲ್ಲಿ ತಗೊಂಡು ಹೋಗೋದು ಹೇಗೆ ಆಂಟಿ?

ನಿಲ್ಲಿಸಿಕೊಂಡಲ್ಲ, ಮಲಗಿಸಿಕೊಂಡು. ಚಪ್ಪಟೆ ಡಬ್ಬಿಯಲ್ಲಿ ಎರಡೇ ಪದರ, ನಡುವೆ ಬಟರ್ ಪೇಪರ್, ಅಲ್ಲಾಡದಂತೆ ಬದಿಗೆ ಮಡಚಿದ ಟಿಶ್ಯೂ. ಐಸ್ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಡಿ, ಡಬ್ಬಿಯೊಳಗೆ ಬೇಡ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ದಾದರಿನಲ್ಲಿ ಇಳಿದು ಗಾಡಿ ಬದಲಿಸುವಾಗಿನ ನೂಕುನುಗ್ಗಲಿಗೆ ಯಾವ ಡಬ್ಬಿಯೂ ತಡೆಯದು. ಹೊತ್ತು ಹೆಚ್ಚಾದರೂ ಸ್ಲೋ ಹಿಡಿದು ನೇರ ಇಳಿಯಿರಿ, ಬೆಳಗಿನ ಆಫೀಸ್ ಹೊತ್ತು ದಾಟಿದ ಮೇಲೆ. ಐವತ್ತಕ್ಕಿಂತ ಹೆಚ್ಚಿದ್ದರೆ ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡಿ.

ಒಂದಕ್ಕೆ ಎಷ್ಟು ರೇಟ್ ಇಡೋದು? 40 ಅಂದ್ರೆ ಜಾಸ್ತಿ ಅಂತಾರೆ.

ಲೆಕ್ಕ ಹಾಕಿ ನೋಡಿ. ಸಾಮಾನು, ಕಡ್ಡಿ, ಕವರು, ಗ್ಯಾಸು ಸೇರಿ ಒಂದಕ್ಕೆ 22 ರೂಪಾಯಿ ಬಿತ್ತು ಎಂದುಕೊಳ್ಳಿ. 24 ತುಂಡಿಗೆ 528. ಮೂರು ಗಂಟೆಯ ದುಡಿಮೆಗೆ ಗಂಟೆಗೆ ನೂರರಂತೆ 300. ಒಟ್ಟು 828. ಎರಡು ಒಡೆದು ಮಕ್ಕಳ ಪಾಲಾಗುತ್ತವೆ, ಮಾರಲು ಉಳಿಯುವುದು 22. ಒಂದಕ್ಕೆ 37 ರೂಪಾಯಿ 60 ಪೈಸೆ ಬರೀ ಅಸಲು. ನಲವತ್ತಕ್ಕೆ ಕೊಟ್ಟರೆ ನಿಮಗೆ ಉಳಿದದ್ದು ಎರಡೂವರೆ ರೂಪಾಯಿಗಿಂತ ಕಡಿಮೆ. ನಮ್ಮ ಹೆಂಗಸರು ತಮ್ಮ ಮೂರು ಗಂಟೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದರಿಂದಲೇ ನಲವತ್ತು ಲಾಭದಂತೆ ಕಾಣುವುದು. ದೇಣಿಗೆಗೆಂದು ಮಾರುವಾಗ ನಿಮ್ಮ ದುಡಿಮೆ ಬಿಟ್ಟುಕೊಡಿ, ಸಾಮಾನಿನ ದುಡ್ಡು ಬಿಡಬೇಡಿ.

ಮನೆಯಲ್ಲಿ ಮಾಡಿ ಮಾರಲಿಕ್ಕೆ ಲೈಸೆನ್ಸ್ ಬೇಕಾ?

ಬೇಕು. ಸಣ್ಣ ವಹಿವಾಟಿನವರಿಗೆ ಇರುವುದು ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಬೇಸಿಕ್ ರಿಜಿಸ್ಟ್ರೇಷನ್: ಅದರ ಫಾಸ್ಕಾಸ್ ಪೋರ್ಟಲಿನಲ್ಲಿ ಅರ್ಜಿ, ವರ್ಷಕ್ಕೆ 100 ರೂಪಾಯಿ ಶುಲ್ಕ, 14 ಅಂಕಿಯ ನಂಬರು. ತಾತ್ಕಾಲಿಕ ಸ್ಟಾಲ್ ಇಡುವವರೂ ಇದರೊಳಗೇ ಬರುತ್ತಾರೆ. ಲೇಬಲ್ ಮೇಲೆ ಆ ನಂಬರು, ಪದಾರ್ಥಗಳ ಪಟ್ಟಿ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು ಎಂಬುದು ಇರಲಿ. ಗೋಧಿ, ಹಾಲು, ಬೀಜಗಳು ಇದ್ದರೆ ಅಲರ್ಜಿಯವರಿಗಾಗಿ ಬೇರೆಯಾಗಿ ಬರೆಯಿರಿ. ಮೊಟ್ಟೆ ಹಾಕಿದ್ದಕ್ಕೆ ಹಸಿರು ಚುಕ್ಕಿ ಹಾಕುವಂತಿಲ್ಲ. ಚೌಕದೊಳಗೆ ಕಂದು ತ್ರಿಕೋನವೇ ಅದರ ಗುರುತು. ಎರಡೂ ಬಗೆ ಮಾರುವವರು ಬೇರೆ ಬೇರೆ ಬಣ್ಣದ ರಿಬ್ಬನ್ ಕಟ್ಟಿದರೆ ಸ್ಟಾಲಿನ ಗಡಿಬಿಡಿಯಲ್ಲಿ ಅದಲುಬದಲಾಗುವುದಿಲ್ಲ.

ಇನ್ನೂರು ಪೀಸ್ ಆರ್ಡರ್ ಬಂದಿದೆ, ಒಬ್ಬಳೇ ಇದ್ದೇನೆ. ಒಪ್ಪಿಕೊಳ್ಳಲಾ?

ಮೂರು ದಿನ ಇದ್ದರೆ ಒಪ್ಪಿಕೊಳ್ಳಿ. ಎಂಟು ಇಂಚಿನ ಒಂಬತ್ತು ಟಿನ್ನು, 216 ತುಂಡು. ಒಡೆದದ್ದಕ್ಕೂ ಜಾಗ ಉಂಟು. ಲೇಪಕ್ಕೆ ತುಂಡಿಗೆ 15 ಗ್ರಾಂ ಹಿಡಿದರೆ ಸುಮಾರು ಮೂರು ಕಾಲು ಕಿಲೋ, ಗ್ಲಾಸಿನ ತಳದಲ್ಲಿ ಉಳಿಯುವುದೂ ಸೇರಿ ಮೂರೂವರೆ ತಂದಿಡಿ. ಮೊದಲ ದಿನ ಬೇಯಿಸುವುದು. ಎರಡನೇ ದಿನ ಬೆಳಿಗ್ಗೆ ಕತ್ತರಿಸಿ ಕಡ್ಡಿ ಚುಚ್ಚುವುದು, ಸೆಕೆ ಇಳಿದ ಮೇಲೆ ರಾತ್ರಿ ಅದ್ದುವುದು. ಮೂರನೇ ದಿನ ಕವರು, ಲೇಬಲ್ಲು. ಒಪ್ಪುವ ಮೊದಲು ಫ್ರಿಜ್ಜಿನ ಬಾಗಿಲು ತೆಗೆದು ನೋಡಿ: ಜಾಗ ಇಲ್ಲದಿದ್ದರೆ ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಒಂದು ಖಾನೆ ಕೇಳಿಟ್ಟುಕೊಳ್ಳಿ. ಮುಂಗಡ ಅರ್ಧ ದುಡ್ಡು ತೆಗೆದುಕೊಳ್ಳದೆ ಚಾಕೊಲೇಟ್ ತರಲು ಹೋಗಬೇಡಿ.

ಅದ್ದಿ ಉಳಿದ ಚಾಕೊಲೇಟ್ ಏನು ಮಾಡೋದು, ಪುಡಿ ಬಿದ್ದಿರುತ್ತಲ್ಲ?

ಬೆಚ್ಚಗಿರುವಾಗಲೇ ಟೀ ಸೋಸುವ ಜಾಲರಿಯಲ್ಲಿ ಸೋಸಿ, ಬಟರ್ ಪೇಪರಿನ ಮೇಲೆ ಹರಡಿ, ಗಟ್ಟಿಯಾದ ಮೇಲೆ ಮುರಿದು ಡಬ್ಬಿಗೆ ಹಾಕಿ. ಜಾಲರಿ ಒಣಗಿರಬೇಕು. ಸೋಸಲು ಬೇಸರವಾದರೆ ಹುರಿದ ಶೇಂಗಾ ಹಾಕಿ ಕಲಸಿ ಚಮಚದಲ್ಲಿ ಬಿಡಿ. ಸಂಜೆಯ ಚಹಾದ ಹೊತ್ತಿಗೆ ಖಾಲಿ.